ಹನುಮಪ್ಪನ ಗುಡಿಯಿಂದ ಎಣಿಸಿದ ಓಣಿ

ಗಂಡನಿಗೆ ಬುದ್ಧಿ ಕಡಿಮೆ ಎಂಬುದು ತುಳಸಾಬಾಯಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಅದನ್ನು ಅವಳು ಕ್ಷಮಿಸಿದ್ದಳು. ಬುದ್ಧಿ ಯಾರ ಕೈಯಲ್ಲಿದೆ? ಆದರೆ ಇದ್ದ ಚೂರನ್ನೇ ತಲೆಯ ಮೇಲೆ ಹೊತ್ತು ಊರೆಲ್ಲ ಮೆರೆಸುವುದನ್ನು ಕ್ಷಮಿಸುವುದು ಅವಳಿಂದ ಆಗಿರಲಿಲ್ಲ. ಮಾರ್ತಾಂಡರಾಯರು ಬೆಟಗೇರಿಯ ಒಂದು ಸಣ್ಣ ಪೋಸ್ಟಾಫೀಸಿನ ಮಾಸ್ತರರು. ಊಟಕ್ಕೆ ಕೂತಾಗಲೂ ದೇಶದ ಟಪಾಲೆಲ್ಲ ತಮ್ಮ ಹೆಗಲ ಮೇಲೇ ಇದೆ ಎಂಬಂತೆ ಉಸಿರು ಬಿಡುತ್ತಿದ್ದರು.

ಪಿನ್ ಕೋಡು ಬಂದ ಮರುವರ್ಷ ಮುನಸಿಪಾಲ್ಟಿಯವರು ಮನೆಮನೆಗೆ ತಗಡಿನ ನಂಬರು ಬಡಿದು ಹೋದರು. ಅಲ್ಪನಿಗೆ ಐಶ್ವರ್ಯ ಬಂತು. 'ಬೇವಿನ ಗಿಡದ ಮುಂದ, ಗಾಳೆಪ್ಪನ ಮನಿ' ಎಂದು ವಿಳಾಸ ಬರೆಯುವ ಮಂದಿಯನ್ನು ಕಂಡರೆ ರಾಯರಿಗೆ ಮೊದಲೇ ಆಗದು. ಈಗ ಒಂದು ಕಾಯಿದೆಯನ್ನೇ ಮಾಡಿದರು. ಓಣಿಗೊಂದು ಮೊದಲ ನಂಬರು, ಒಂದು ಕೊನೆಯ ನಂಬರು. ಕಾಗದದ ಮೇಲಿನ ನಂಬರು ಮೊದಲಿನದಕ್ಕಿಂತ ಚಿಕ್ಕದಿದ್ದರೂ ವಾಪಸ್, ಕೊನೆಯದಕ್ಕಿಂತ ದೊಡ್ಡದಿದ್ದರೂ ವಾಪಸ್. ಅದಕ್ಕೆಂದೇ ರಬ್ಬರಿನ ಸಿಕ್ಕಾ ಬೇರೆ ಮಾಡಿಸಿದರು: 'ಇಂಥ ಮನೆ ಈ ಓಣಿಯಲ್ಲಿಲ್ಲ.'

ನಂಬರು ಗುರುತು ಹಾಕಿಕೊಳ್ಳಲು ತಾವೇ ಓಣಿ ಓಣಿ ತಿರುಗಿದರು. ರಾಯರದು ಶಿರಹಟ್ಟಿಯ ಪೂಜಾರಿಕೆಯ ಮನೆತನ. ತಾಯಿ ಸರಸ್ವತಿಬಾಯಿ ಹಪ್ಪಳ ಎಣಿಸುವಾಗಲೂ ಮೊದಲನೆಯದನ್ನು ದೇವರದೆಂದು ತೆಗೆದಿಡುವವರು. ಆ ಮನೆಯಲ್ಲಿ ಯಾವ ಎಣಿಕೆಯಾದರೂ ದೇವರಿಂದಲೇ ಶುರುವಾಗಬೇಕು. ಹೀಗಾಗಿ ರಾಯರು ಎಲ್ಲಿ ಹೋದರೂ ಗುಡಿಗೆ ಕೈ ಮುಗಿದು, ಗುಡಿಯ ಮಗ್ಗುಲ ಮನೆಯ ನಂಬರನ್ನೇ ಮೊದಲು ಬರೆದುಕೊಂಡರು. ಹೆಚ್ಚಿನ ಓಣಿಗಳಲ್ಲಿ ಮುನಸಿಪಾಲ್ಟಿಯವರೂ ಗುಡಿಯ ಕಡೆಯಿಂದಲೇ ಬಡಿದಿದ್ದರು, ಅದು ರಾಯರ ಪುಣ್ಯ. ರಾಯರು ವಾಸವಾಗಿದ್ದ ಓಣಿಯಲ್ಲಿ ಮಾತ್ರ ಬಾವಿಯ ಕಡೆಯಿಂದ ಶುರುಮಾಡಿ ಹನುಮಪ್ಪನ ಗುಡಿಗೆ ಬಂದು ಮುಗಿಸಿದ್ದರು. ರಾಯರು ಬರೆದರು: ಮೊದಲು ನೂರಾ ಹದಿನೆಂಟು, ಕೊನೆಗೆ ಅರವತ್ತೆರಡು. ಅಂದರೆ ಕಾಗದದ ಮೇಲಿನ ನಂಬರು ನೂರಾ ಹದಿನೆಂಟಕ್ಕಿಂತ ಚಿಕ್ಕದಿರಬಾರದು, ಅರವತ್ತೆರಡಕ್ಕಿಂತ ದೊಡ್ಡದೂ ಇರಬಾರದು. ಅಂಥ ನಂಬರು ಬ್ರಹ್ಮದೇವನ ಹತ್ತಿರವೂ ಇಲ್ಲ.

ಟಪಾಲು ವಿಂಗಡಿಸುವ ಅಂದಪ್ಪ ಮೊದಲ ದಿನವೇ, ಇದನ್ನೊಂದು ಸಲ ನೋಡಿಕೊಳ್ಳಿ ಎಂದಿದ್ದ. ರಾಯರು ನಾಲ್ಕು ಮಂದಿಯೆದುರು ಅವನ ಮರ್ಯಾದೆ ತೆಗೆದರು. ಸಿಕ್ಕಾ ಹೊಡೆಯುವುದು ನಿನ್ನ ಕೆಲಸ, ವಿಚಾರ ಮಾಡುವುದಕ್ಕೆ ಸರಕಾರ ನನಗೆ ಪಗಾರ ಕೊಡುತ್ತದೆ ಎಂದರು. ಅಂದಿನಿಂದ ಅಂದಪ್ಪ ವಿಚಾರ ಮಾಡುವುದನ್ನು ಬಿಟ್ಟ. ಇಡೀ ಓಣಿಯ ಟಪಾಲಿಗೆ ಸಿಕ್ಕಾ ಹೊಡೆದು ಕಟ್ಟು ಕಟ್ಟಿ ಕಳಿಸಿದ.

ಅದೇ ದಿನಗಳಲ್ಲಿ ತುಳಸಾಬಾಯಿ ಗದಗಿನಿಂದ ಬರಬೇಕಾದ ಕೆಲಸದ ಕರೆಪತ್ರದ ಹಾದಿ ಕಾಯುತ್ತಿದ್ದಳು. ಮದುವೆಗೆ ಮುಂಚೆ ಮಾಸ್ತರಿಕೆಯ ಟ್ರೇನಿಂಗು ಮುಗಿಸಿ ಮೂಲೆಗಿಟ್ಟವಳು, ಅಲ್ಲಿಯ ಒಂದು ಹೆಣ್ಣುಮಕ್ಕಳ ಶಾಲೆಗೆ ಅರ್ಜಿ ಹಾಕಿದ್ದಳು. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಇದು ತಪ್ಪಿದರೆ ಮುಂದೆ ಒಲೆಯೇ ಗತಿ ಎಂಬುದು ಅವಳಿಗೂ ಗೊತ್ತಿತ್ತು, ರಾಯರಿಗೂ ಗೊತ್ತಿತ್ತು. ದಿನ ಕಳೆದರೂ ಕರೆ ಬರದಿದ್ದಾಗ ರಾಯರು ಸಾರು ಸುರಿಯುತ್ತ ಅಂದರು:

"ನಿನಗ ಯಾರು ಕಾಗದ ಬರೀತಾರ? ಅವರಿಗೆ ಬೇಕಾದವರು ಬ್ಯಾರೆ ಇರ್ತಾರ."

ಪಕ್ಕದ ಮನೆಯ ಖೈರುನಬಿ, ಮುಂಬಯಿಗೆ ಹೋದ ಮಗ ಬರೆಯುವುದನ್ನೇ ಬಿಟ್ಟನೆಂದು ಕಣ್ಣೊರೆಸಿಕೊಂಡಾಗ, ಮಕ್ಕಳನ್ನು ಬೆಳೆಸುವುದು ಹೇಗೆಂದು ಅವಳಿಗೂ ಉಪದೇಶ ಮಾಡಿದರು. ಮಕ್ಕಳಿಲ್ಲದ ಮನುಷ್ಯ.

ಒಂದು ಮಧ್ಯಾಹ್ನ ಮುಂಡರಗಿಯಿಂದ ತುಳಸಾಬಾಯಿಯ ಅಣ್ಣ ವೆಂಕಟೇಶ ಕೆಂಡವಾಗಿ ಬಂದ. ಮಗನ ಮುಂಜಿಗೆ ಒಡಹುಟ್ಟಿದ ತಂಗಿಯೇ ಬರಲಿಲ್ಲವೆಂದು ಸಿಟ್ಟು. ಕರೆದು ಬರೆದು, ವಾಪಸ್ ಬಂದಿದ್ದ ಕಾರ್ಡನ್ನು ಅವಳ ಮುಂದೆ ಒಗೆದ. ಮನೆ ನಂಬರು ಎಂಬತ್ನಾಲ್ಕು, ಸರಿಯಾಗಿಯೇ ಇತ್ತು. ಅದರ ಮೇಲೆ ಗಂಡನ ಸಿಕ್ಕಾ. ತುಳಸಾಬಾಯಿಗೆ ಗದಗಿನ ಕರೆಪತ್ರ ನೆನಪಾಯಿತು. ಅಣ್ಣನಿಗೆ ಚಹಾ ಕೂಡ ಮಾಡದೆ ಟಾಂಗಾ ಹಿಡಿದು ಗದಗಿಗೆ ಓಡಿದಳು.

ಶಾಲೆಯ ಮುಖ್ಯಸ್ಥೆ ತಾರಾಬಾಯಿ ಕಪಾಟಿನಿಂದ ಲಕೋಟೆ ತೆಗೆದು ಅವಳ ಕೈಗೆ ಕೊಟ್ಟರು. ಅದರ ಮೇಲೂ ಅದೇ ಸಿಕ್ಕಾ.

"ನಿಮ್ಮ ಹೆಸರೇ ಮೊದಲಿತ್ರಿ. ನೀವು ಬರಲಿಲ್ಲ ಅಂತ ಹ್ವಾದ ಸೋಮವಾರ ಬ್ಯಾರೆಯವರನ್ನ ತಗೊಂಡ್ವಿ."

ತುಳಸಾಬಾಯಿ ಅಲ್ಲಿ ಅಳಲಿಲ್ಲ. ಟಾಂಗಾದಲ್ಲಿ ಅತ್ತಳು. ಬೆಟಗೇರಿ ಬರುವಷ್ಟರಲ್ಲಿ ಅಳು ಮುಗಿದು ಬರೀ ಹೇಸಿಕೆ ಉಳಿದಿತ್ತು.

ಸಂಜೆ ರಾಯರು ಬಂದಾಗ ಕಾರ್ಡು, ಲಕೋಟೆ ಎರಡನ್ನೂ ಮುಂದಿಟ್ಟಳು. ರಾಯರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ತಪ್ಪಾಯಿತು ಅಂದಾರು ಎಂದು ಅವಳು ಕಾದಳು. ಆ ಒಂದು ಮಾತು ಬಂದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ರಾಯರು ಗಂಟಲು ಸರಿಮಾಡಿಕೊಂಡರು.

"ಕಾಯಿದೆ ಅಂದ್ರ ಕಾಯಿದೆ. ಸ್ವಂತ ಮನಿ ಅಂತ ನಾ ಬಿಡಲಿಲ್ಲ ನೋಡು. ಇಂಥ ನಿಷ್ಠಾ ಎಲ್ಲ್ಯರೆ ನೋಡೀಯೇನು?"

ಹಾಗೆಂದವರು, ಅಡುಗೆ ಆಗುವಷ್ಟರಲ್ಲಿ ಹನುಮಪ್ಪನಿಗೆ ಕೈ ಮುಗಿದು ಬರುತ್ತೇನೆಂದು ಹೊರಟೂ ಹೋದರು.

ತಿರುಗಿ ಬಂದಾಗ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಕಟ್ಟೆಯ ಮೇಲೆ ಅವರ ಬಟ್ಟೆಯ ಚೀಲ ಕುಳಿತಿತ್ತು. ಎದುರುಬದುರು ಕಟ್ಟೆಗಳಲ್ಲಿ ಓಣಿಯ ಮಂದಿಯೂ ಕುಳಿತಿದ್ದರು. ವೆಂಕಟೇಶನ ಕಾರ್ಡಿನ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ರಾಯರು ಬಾಗಿಲು ಬಡಿದರು.

"ಎಷ್ಟನೇ ನಂಬರಿಗೆ ಬಂದೀರಿ?" ಒಳಗಿನಿಂದ ತುಳಸಾಬಾಯಿ ಕೇಳಿದಳು.

"ಎಂಬತ್ನಾಲ್ಕು. ಚ್ಯಾಷ್ಟಿ ಸಾಕು, ತಗೀ."

"ಇಂಥ ಮನಿ ಈ ಓಣ್ಯಾಗ ಇಲ್ರೀ. ಕಳಿಸಿದವರ ಕಡೆ ವಾಪಸ್ ಹೋಗ್ರಿ."

ಕಳಿಸಿದವರು, ಅಂದರೆ ಹೆತ್ತ ತಾಯಿ, ಶಿರಹಟ್ಟಿಯಲ್ಲಿದ್ದರು. ರಾಯರು ಮತ್ತೊಂದು ಸಲ ಬಾಗಿಲು ಬಡಿದು, ಚೀಲದ ಕಡೆ ನೋಡಿ, ಯಾರಾದರೂ ತಮ್ಮ ಪರವಾಗಿ ಮಾತಾಡಿಯಾರೇ ಎಂದು ಸುತ್ತ ಕಣ್ಣು ಹಾಯಿಸಿದರು. ಪಕ್ಕದ ಕಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದ ಖೈರುನಬಿ ಮೊರದಿಂದ ತಲೆ ಎತ್ತದೆ ಅಂದಳು:

"ಶಿರಹಟ್ಟಿಗೆ ಕಡೀ ಬಸ್ಸು ಇನ್ನೂ ಐತ್ರಿ, ರಾಯರ."