ಬಾಗಿಲಿನೊಳಗಿನ ಹೆಸರು

ಕಾವೆಂಟ್ರಿಯ ನಮ್ಮ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾರಿನ ಬಾಗಿಲು ಜೋಡಿಸಿದವನು ನಾನು. ನಾನು ಕೂರಿಸಿದ ಬಾಗಿಲು ಮುಚ್ಚಿದರೆ ಹೊರಗೆ ಯುದ್ಧವಾದರೂ ಒಳಗೆ ಕೇಳಿಸುತ್ತಿರಲಿಲ್ಲ. ಒಳಹೊದಿಕೆ ಹಾಕುವ ಮೊದಲು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ಹೆಸರು ಬರೆಯುವುದು ನಮ್ಮಪ್ಪನ ಕಾಲದ ಪದ್ಧತಿ.

ಕಾರ್ಖಾನೆಯನ್ನು ಜರ್ಮನರು ಕೊಂಡರು. ಹೊಸ ಮ್ಯಾನೇಜರ್ ಕ್ರೋನರ್ ಸಾಹೇಬರು, ಇನ್ನು ಹೆಸರು ಬರೆದವರಿಗೆ ಕೆಲಸವಿಲ್ಲ ಎಂದು ಸಾರಿದರು. ನಾನು ಅಂದೇ ನಾನೂರು ಬಾಗಿಲಿಗೆ ಆನೆಗಾತ್ರದ ಅಕ್ಷರದಲ್ಲಿ ಬರೆದೆ.

ಮರುದಿನ ಅವರು ಒಂದು ಹೊದಿಕೆ ಬಿಚ್ಚಿಸಿದರು. ಒಳಗೆ ‘ಕ್ಲೈವ್ ಹ್ಯಾಡ್ಲಿ’ ಎಂದಿತ್ತು.

“ಇದು ಯಾರ ಕಾರು, ಗೊತ್ತೇನ್ರೀ?”

“ನಿಮ್ದೇ ಸಾರ್. ಆದ್ರೆ ಮಾಡಿದ್ದು ನಾನು. ಅದನ್ನೂ ಕೊಂಡ್ಕೊಂಡ್ರಾ?”

“ರಸೀದಿ ತೋರ್ಸೋಕೆ ಹೇಳೋ ಕ್ಲೈವ್!” ಎಂದು ಕೂಗಿದಳು ಪಕ್ಕದಲ್ಲಿ ಗಾಜು ಕೂರಿಸುವ ಡೋರೀನ್.

“ನೀವು ಮನೆಗೆ ನಡೀರಿ,” ಎಂದರು ಸಾಹೇಬರು ನನಗೆ.

ಡೋರೀನ್ ಎದ್ದು ಬಂದು ನನ್ನ ಹೆಸರಿನ ಕೆಳಗೆ ತನ್ನದನ್ನೂ ಬರೆದಳು. ಅವಳ ಹಿಂದೆ ಒಂಬೈನೂರು ಜನ ಸೀಮೆಸುಣ್ಣ ಹಿಡಿದು ನಿಂತರು. ಸರಿ, ಒಂಬತ್ತು ಜನ. ಒಬ್ಬೊಬ್ಬರಾಗಿ ಅವರೂ ಬರೆದರು. ಆದರೆ ಅಷ್ಟು ಮಂದಿ ಮನೆಗೆ ಹೋದರೆ ಕಾರ್ಖಾನೆಯೇ ನಿಲ್ಲುತ್ತಿತ್ತು. ಸಾಹೇಬರು ತುಟಿ ಕಚ್ಚಿ, ಹೊದಿಕೆಯನ್ನು ತಾವೇ ಎತ್ತಿ ಮುಚ್ಚಿದರು.

ಆ ಕಾರು ಜರ್ಮನಿಗೇ ಹೋಯಿತು. ಅಲ್ಲಿ ಯಾವನೋ ಭೂಪ ಅದು ತನ್ನದೆಂದು ಬೀಗುತ್ತಾ ನಮ್ಮ ಹನ್ನೊಂದು ಜನರ ಹೆಸರು ಹೊತ್ತು ತಿರುಗುತ್ತಿದ್ದಾನೆ.