ಸೌದಾಳ ನೋಂಬು

ಎಂಬತ್ತನಾಲ್ಕನೇ ಇಸವಿಯ ರಂಜಾನ್. ಉಡುಪಿಯ ಡಾಕ್ಟರು ಸೌದಾಳ ಸಿಸೇರಿಯನ್ ಕಲೆಯ ಪಕ್ಕ ಎದ್ದಿದ್ದ ಗಂಟನ್ನು ಒತ್ತಿ ನೋಡಿದರು. ಗಂಡ ದುಬೈಯಲ್ಲಿ. ಕಾಪುವಿನಿಂದ ಕರೆತಂದ ಮೈದುನ ಜಮಾಲುದ್ದೀನ್ ಪರದೆಯಾಚೆ ನಿಂತಿದ್ದ.

“ಮುಟ್ಟಾದಾಗ ಮಾತ್ರ ಊದಿ ನೋಯುತ್ತದಾ?”

ಹೌದು, ಆಗ ಮಾತ್ರ. ಇವತ್ತೂ ಅದೇ. ಆದರೆ ಪರದೆಯಡಿ ಮೈದುನನ ಚಪ್ಪಲಿ ಕಾಣುತ್ತಿತ್ತು.

“ಇಲ್ಲ. ಯಾವಾಗಲೂ ನೋವುಂಟು.”

“ಹಾಗಾದರೆ ಹೊಲಿಗೆಯ ನೂಲು ಉಳಿದಿರಬೇಕು.” ಡಾಕ್ಟರು ಪರದೆ ಸರಿಸಿ ಮಾತ್ರೆ, ನೀರು ಕೊಟ್ಟರು. “ಈಗಲೇ ನುಂಗಿ.”

ಮುಟ್ಟಿನ ದಿನ ನೋಂಬು, ರಂಜಾನಿನ ಉಪವಾಸ, ಹಿಡಿಯುವಂತಿಲ್ಲ. ಬೆಳಿಗ್ಗೆ ಗಂಡಸರಿಗೆ ಕಾಣದಂತೆ ಗಂಜಿ ಕುಡಿದೇ ಬಂದಿದ್ದಳು. ಲೋಟ ತುಟಿಯ ಹತ್ತಿರ ಬಂತು.

“ಅತ್ತಿಗೆಗೆ ನೋಂಬು ಉಂಟಲ್ವಾ ಡಾಕ್ಟ್ರೇ!” ಎಂದ ಜಮಾಲುದ್ದೀನ್, ಹೆಮ್ಮೆಯಿಂದ.

ಸೌದಾ ಲೋಟ ಕೆಳಗಿಟ್ಟಳು. “ಹೌದು, ಮರೆತೇ ಹೋಯಿತು.”