ಲೊರೇಡಾ ಬರೆದುಕೊಟ್ಟ ನಾಲ್ಕು ಸಾಲು

ಲೊರೇಡಾ ಸ್ಟೇಸಿಯನ್ನು ಯಾರಾದರೂ "ಮಗಳು ಹೇಗಿದ್ದಾಳೆ?" ಎಂದು ಕೇಳಿದರೆ ಹನ್ನೊಂದು ವರ್ಷಗಳಿಂದ ಒಂದೇ ಉತ್ತರ: "ರೊಂಡಾ ಕೆಲಸದ ಮೇಲೆ ಹೊರಗೆ ಹೋಗಿದ್ದಾಳೆ. ಅದಿರಲಿ, ನಿಮ್ಮ ಮಂಡಿನೋವು ಹೇಗಿದೆ?" ಆ "ಅದಿರಲಿ"ಯನ್ನು ಆಕೆ ನಯವಾಗಿಯೇ ಆಡುತ್ತಿದ್ದಳು, ಆದರೆ ಚಿಲಕ ಬಿದ್ದ ಸದ್ದು ಮಾತ್ರ ಎಲ್ಲರಿಗೂ ಕೇಳುತ್ತಿತ್ತು. ರೊಂಡಾ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದು, ಏಳು ವರ್ಷದ ಮಗು ಕೀಲಾಳನ್ನು ತಾಯಿಯ ಅಂಗಳದಲ್ಲಿ ಇಳಿಸಿ, ಯಾರದೋ ಕಾರು ಹತ್ತಿ ಹೋದವಳು ಮರಳಲಿಲ್ಲವೆಂಬುದು ಕೆಂಟಕಿಯ ನಮ್ಮ ಕಲ್ಲಿದ್ದಲ ಕಣಿವೆಯಲ್ಲಿ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕೇಳುತ್ತಿದ್ದರು. ಕೇಳುವುದನ್ನು ಬಿಟ್ಟರೆ ಅವಳನ್ನು ಸತ್ತವರ ಸಾಲಿಗೆ ಸೇರಿಸಿದಂತಾಗುತ್ತದೆಂಬ ಅಂಜಿಕೆ ಜನರಿಗೆ.

ಲೊರೇಡಾ ಬೇಸಿಗೆಯಲ್ಲೂ ತೀರಿಹೋದ ಗಂಡನ ಗಣಿಕೋಟನ್ನೇ ತೊಡುತ್ತಿದ್ದಳು. ಮೊಣಕೈ ಸವೆದ, ತೋಳಿಗೆ ಹೊಳೆಯುವ ಪಟ್ಟಿಯಿದ್ದ ಆ ಕೋಟಿನಲ್ಲಿ ಆಕೆ ಎಡಭುಜವನ್ನು ಮುಂದೆ ಚಾಚಿ, ಎದುರು ಗಾಳಿಯನ್ನು ತಳ್ಳುತ್ತಿರುವಂತೆ ನಡೆಯುತ್ತಿದ್ದಳು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ತಟ್ಟೆಗಳ ಹೊರೆ ಹೊತ್ತು, ಭುಜದಿಂದ ಬಾಗಿಲು ನೂಕಿ ರೂಢಿಯಾದ ನಡಿಗೆಯದು. ಗಂಡನ ಶ್ವಾಸಕೋಶ ಗಣಿಯ ಧೂಳಿನಿಂದ ಕಲ್ಲಾಗಿತ್ತು. ಕೊನೆಯ ವರ್ಷ ಅವನ ಉಸಿರಿನ ಯಂತ್ರದ ಪಕ್ಕದಲ್ಲಿ ಕೂತು ಮನೆಪಾಠ ಬರೆದವಳು ಕೀಲಾ. ಹದಿನೆಂಟಕ್ಕೆ ಬಂದಾಗ ಅವಳು ಬೇರೆ ಏನನ್ನೂ ಬಯಸಲಿಲ್ಲ. ಪಟ್ಟಣದ ಸಮುದಾಯ ಕಾಲೇಜಿನಲ್ಲಿ ಉಸಿರಾಟದ ಚಿಕಿತ್ಸೆ ಕಲಿಯಬೇಕು, ಅಷ್ಟೆ. ಸೀಟು ಸಿಕ್ಕಿತು. ಸರ್ಕಾರದ ನೆರವು ಸಿಗದೆ ಅದನ್ನು ಉಳಿಸಿಕೊಳ್ಳುವ ದಾರಿ ಆ ಮನೆಗೆ ಇರಲಿಲ್ಲ.

ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತು ಮೊಮ್ಮಗಳು ಅರ್ಜಿ ತುಂಬುತ್ತಿದ್ದಾಗ, ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆ ಬಂತು. "ಮೂರು," ಎಂದಳು ಲೊರೇಡಾ.

"ಇಬ್ಬರೇ ಅಲ್ವಾ ಅಜ್ಜಿ?"

"ನಿಮ್ಮಮ್ಮನ್ನ ಎಣಿಸೋರು ಯಾರೇ? ಮೂರು ಅಂತ ಹಾಕು."

ಕೀಲಾ ಹಾಕಿದಳು. ತಾಯಿಯ ಉದ್ಯೋಗ: ಹೊರಗಡೆ ಕೆಲಸ. ಮೂರು ವಾರಕ್ಕೆ ಅರ್ಜಿ ಹಿಂದೆ ಬಂತು, ತಾಯಿಯ ಸಹಿ ಬೇಕೆಂದು.

ಕಾಲೇಜಿನ ನೆರವಿನ ಕಚೇರಿಯಲ್ಲಿದ್ದ ಗ್ಲೆನ್ನಾ ಪ್ರೇಟರ್ ಚಿಕ್ಕಂದಿನಲ್ಲಿ ಲೊರೇಡಾಳ ಸೌಟಿನಿಂದಲೇ ಬಡಿಸಿಕೊಂಡು ತಿಂದವಳು. ಆದರೂ ಆ ದಿನ ಆಕೆಯ ಮುಖ ನೋಡಿ ಮಾತಾಡಲಾರದೆ ಹೋದಳು.

"ರೊಂಡಾ ಸಹಿ ಹಾಕಬೇಕು, ಆಂಟಿ."

"ನಾನು ಹಾಕ್ತೀನಿ, ಕೊಡು."

"ನೀವು ಹಾಕೋ ಹಾಗಿಲ್ಲ. ಕೋರ್ಟಿಗೆ ಹೋಗಿ ಮಗೂನ ನಿಮ್ಮ ಹೆಸರಿಗೆ ಮಾಡಿಕೊಂಡಿಲ್ವಲ್ಲ. ಕಾಗದದ ಪ್ರಕಾರ ನೀವು ಯಾರೂ ಅಲ್ಲ."

"ಹನ್ನೊಂದು ವರ್ಷ ಇವಳ ಜಡೆ ಹೆಣೆದಿದ್ದು ಯಾರು, ಕಾಗದಾನಾ?"

ಕೋರ್ಟಿಗೆ ಹೋಗದೆ ಇದ್ದದ್ದೂ ಅದೇ ಹಟಕ್ಕೆ. ಹೋಗಿದ್ದರೆ ನ್ಯಾಯಾಧೀಶರ ಮುಂದೆ ನಿಂತು ಮಗಳ ವಿಷಯ ಆಡಬೇಕಾಗುತ್ತಿತ್ತು. ಈಗಲೂ ಗ್ಲೆನ್ನಾ ತೋರಿಸಿದ ದಾರಿ ಅದೊಂದೇ: ತಾಯಿ ಬಿಟ್ಟುಹೋಗಿದ್ದಾಳೆ, ಎಲ್ಲಿದ್ದಾಳೋ ತಿಳಿಯದು ಎಂದು ಕೈಯಾರೆ ಬರೆದು ಸಹಿ ಹಾಕಿಕೊಟ್ಟರೆ ಕೀಲಾಳದನ್ನು ತಾಯಿಯ ಸಹಿ ಬೇಡದ ಸ್ವತಂತ್ರ ಅರ್ಜಿಯೆಂದು ಪರಿಗಣಿಸಬಹುದು. "ಶುಕ್ರವಾರದೊಳಗೆ ಕೊಡಿ ಆಂಟಿ. ಆಮೇಲೆ ನನ್ನ ಕೈಯಲ್ಲೂ ಏನಿಲ್ಲ."

"ಅದಿರಲಿ..." ಎಂದು ಶುರುಮಾಡಿದಳು ಲೊರೇಡಾ. ಮುಂದೆ ಯಾವ ಮಂಡಿನೋವೂ ನೆನಪಿಗೆ ಬರಲಿಲ್ಲ.

ಎರಡು ದಿನ ಆಕೆ ಜಗಲಿಯಲ್ಲಿ ಕೂತು, ಒಣಗಿಸಲೆಂದು ಹುರುಳಿಕಾಯಿಗಳನ್ನು ದಾರಕ್ಕೆ ಪೋಣಿಸಿದಳು. ಗುರುವಾರ ಕೀಲಾ ಪಕ್ಕಕ್ಕೆ ಬಂದು ಕೂತು ತಾನೂ ಒಂದು ಸೂಜಿ ಎತ್ತಿಕೊಂಡಳು. "ಬಿಡಜ್ಜಿ. ಪೆಟ್ರೋಲ್ ಬಂಕಲ್ಲಿ ಆಳು ಬೇಕಂತೆ. ಸೋಮವಾರದಿಂದ ಬಾ ಅಂದಿದ್ದಾರೆ." ಅವಳ ದನಿಯಲ್ಲಿ ದೂರಿರಲಿಲ್ಲ. ದೂರಿದ್ದರೆ ಲೊರೇಡಾ ತಡೆದುಕೊಳ್ಳುತ್ತಿದ್ದಳೋ ಏನೋ.

ಶುಕ್ರವಾರ ಕೋಟು ತೊಟ್ಟು, ಒಳಜೇಬಿನಲ್ಲಿ ಮಡಿಸಿದ ಹಾಳೆಯಿಟ್ಟುಕೊಂಡು ಲೊರೇಡಾ ಗ್ಲೆನ್ನಾಳ ಕಚೇರಿಗೆ ಬಂದಳು. ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರದಲ್ಲಿ ನಾಲ್ಕು ಸಾಲು: "ನನ್ನ ಮಗಳು ರೊಂಡಾ ಮಗುವನ್ನು ಬಿಟ್ಟುಹೋಗಿ ಹನ್ನೊಂದು ವರ್ಷವಾಯಿತು. ಎಲ್ಲಿದ್ದಾಳೋ ತಿಳಿಯದು. ಕೆಲಸದ ಮೇಲೆ ಹೋಗಿದ್ದಾಳೆಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಆ ಸುಳ್ಳು ನನ್ನದು, ಅವಳದಲ್ಲ."

ಗ್ಲೆನ್ನಾ ಓದಿ ಮುಗಿಸುವವರೆಗೆ ಆಕೆ ನಿಂತೇ ಇದ್ದಳು.

"ಇದನ್ನ ಯಾರು ಯಾರು ಓದ್ತಾರೆ?"

"ನಾನು. ಮೇಲಿನೋರು ಒಬ್ಬರು. ಆಮೇಲೆ ಬೀರುವಿಗೆ ಬೀಗ."

"ಅವಳು ಬಂದ್ರೆ? ಅವಳಿಗೆ ಇದನ್ನ ತೋರಿಸ್ತೀಯಾ?"

"ಇಲ್ಲ, ಆಂಟಿ. ಆಣೆಗೂ ಇಲ್ಲ."

ಆಗಷ್ಟೇ ಲೊರೇಡಾ ಕುರ್ಚಿಯಲ್ಲಿ ಕುಸಿದು, ಕೋಟಿನ ತೋಳಿನಲ್ಲಿ ಮುಖ ಒರೆಸಿಕೊಂಡಳು. ಆಕೆ ಅತ್ತದ್ದನ್ನು ಕಣಿವೆಯಲ್ಲಿ ಕಂಡವಳು ಗ್ಲೆನ್ನಾ ಒಬ್ಬಳೇ. ಗಂಡನ ಮಣ್ಣಿನ ದಿನವೂ ಆಕೆ ಬಂದವರಿಗೆಲ್ಲ ಬಡಿಸುತ್ತಾ ನಿಂತವಳು.

ನೆರವು ಬಂತು. ಅಕ್ಟೋಬರಿನ ಹೊತ್ತಿಗೆ ಕೀಲಾ ನೀಲಿ ಅಂಗಿ ತೊಟ್ಟು ಕಾಲೇಜಿನ ಬಸ್ಸು ಹತ್ತುತ್ತಿದ್ದಳು. ಆ ತಿಂಗಳ ಒಂದು ಶನಿವಾರ ದಿನಸಿ ಅಂಗಡಿಯ ಸಾಲಿನಲ್ಲಿ, ಮುದಿ ಗಣಿಗಾರನೊಬ್ಬ ಹಿಂದಕ್ಕೆ ತಿರುಗಿ ಕೇಳಿದ: "ರೊಂಡಾ ಹೇಗಿದ್ದಾಳಮ್ಮ?"

ಲೊರೇಡಾ ಬಾಯಿ ತೆರೆದವಳು ಹಿಂದಿರುಗಿ ನೋಡಿದಳು. ಅವಳ ಬೆನ್ನ ಹಿಂದೆಯೇ ಗ್ಲೆನ್ನಾ ನಿಂತಿದ್ದಳು, ಕೈಯಲ್ಲಿ ಹಾಲಿನ ಡಬ್ಬಿ. ಆ ನಾಲ್ಕು ಸಾಲು ಓದಿದವಳ ಎದುರಿಗೆ ಹಳೆಯ ಉತ್ತರ ಹೇಳುವುದು ಹೇಗೆ?

"ಕೆಲಸದ ಮೇಲೆ ಹೋಗಿದ್ದಾಳಲ್ಲ," ಎಂದಳು ಗ್ಲೆನ್ನಾ, ಹಾಲಿನ ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಾ. "ರಜೆ ಸಿಗೋದೇ ಕಷ್ಟವಂತೆ. ಅದಿರಲಿ, ನಿಮ್ಮ ಮಂಡಿ ಹೇಗಿದೆ?"

ಲೊರೇಡಾಳಂಥವರನ್ನು ಸತ್ಯಕ್ಕೆ ಅಂಜುವವರೆಂದು ಹೊರಗಿನವರು ಸುಲಭವಾಗಿ ತೀರ್ಮಾನಿಸುತ್ತಾರೆ. ತಾವು ಸಾಕಿದ ಒಂದು ಮಗುವಿಗಾಗಿ ಸತ್ಯವನ್ನು ಬರೆದು ಸಹಿ ಹಾಕುವವರೂ, ತಾವು ಹೆತ್ತ ಇನ್ನೊಂದು ಮಗುವಿಗಾಗಿ ಸಾಯುವವರೆಗೆ ಅದನ್ನು ಬಾಯಿಗೆ ತಾರದವರೂ ಇವರೇ. ಎರಡನ್ನೂ ಒಂದೇ ಕೈ ಮಾಡುತ್ತದೆಂದು ತಿಳಿಸಲು ಯಾವ ಅರ್ಜಿಯಲ್ಲೂ ಜಾಗ ಬಿಟ್ಟಿರುವುದಿಲ್ಲ. ಅದನ್ನು ತಿಳಿಯಲು ಅಂಗಡಿಯ ಸಾಲಿನಲ್ಲಿ ಅವರ ಬೆನ್ನ ಹಿಂದೆ ನಿಂತಿರಬೇಕು.